ಬಾಗಿಲಿಗೆ ಬಂದು ಕರೆಯುವ ತಿಮ್ಮವ್ವನ ಹೊಟ್ಟೆಕಿಚ್ಚು

ಬುದ್ಧ ಮಲಗಿದಂತೆ ಕಾಣುವ ಗುಡ್ಡದ ಅಂಚು ಇನ್ನೂ ಆಕಾಶದಿಂದ ಬೇರೆಯಾಗಿಲ್ಲ. ಶಹಾಪುರದ ಹೊರವಲಯದ ಓಣಿಯಲ್ಲಿ ತಿಮ್ಮವ್ವ ಆಗಲೇ ಮೂರನೆಯ ಬಾಗಿಲಿನಲ್ಲಿದ್ದಾರೆ. ತಲೆಯ ಮೇಲೆ ಸೆರಗು, ಅದರ ಮೇಲೊಂದು ಹಳೆಯ ಟವೆಲ್ಲು, ಕಾಲಲ್ಲಿ ಗಂಡಸರ ಚಪ್ಪಲಿ. ಈ ಮನೆಯಲ್ಲಿ ಬಾಣಂತನ ಮುಗಿಸಿ ಕೆಲಸಕ್ಕೆ ಮರಳಿದ ಸೊಸೆಯೊಬ್ಬಳಿದ್ದಾಳೆ. ಕೂಸು ಎದ್ದರೆ ಅವಳು ಹೊರಡುವುದಾಗದು. ಅದಕ್ಕೆ ತಿಮ್ಮವ್ವ ಇಲ್ಲಿ ಬಾಯಿ ಬಿಡುವುದಿಲ್ಲ, ಕೈಬಳೆಗಳನ್ನು ಕದಕ್ಕೆ ಮೆಲ್ಲಗೆ ತಾಗಿಸುತ್ತಾರೆ. ಮುಂದಿನ ಮನೆಯ ಯಂಕಮ್ಮನಿಗೆ ಕಿವಿ ಮಂದ. ಅಲ್ಲಿ ಮಾಡಿನ ತಗಡಿನ ಮೇಲೆ ಒಂದು ಕಲ್ಲು ಎಸೆಯಬೇಕು. ಕುಬ್ರಾಬೇಗಂ ಮನೆಯಲ್ಲಿ ಈ ಹೊತ್ತಿಗೆ ನಮಾಜು ನಡೆದಿರುತ್ತದೆ. ಅಲ್ಲಿ ಅಂಗಳದಲ್ಲಿ ನಿಂತು, ಮುಗಿಯುವ ತನಕ ಕಾಯಬೇಕು.

“ಎಲ್ಲಾರ್ನೂ ಒಂದೇ ದನಿಲೆ ಕರದ್ರ ಹ್ಯಾಂಗ ನಡೀತದರಿ? ಎಮ್ಮಿಗಳಿಗೂ ಒಂದೊಂದಕ್ಕ ಒಂದೊಂದು ಹೆಸರಿರ್ತಾವ,” ಎನ್ನುತ್ತಾರೆ ತಿಮ್ಮವ್ವ, ಬರೆದುಕೊಳ್ಳಲು ಜೊತೆಗೆ ಬಂದ ನನಗೆ, ನಡಿಗೆ ನಿಲ್ಲಿಸದೆ.

ಐವತ್ತೇಳರ ತಿಮ್ಮವ್ವ ಹತ್ತಿ ಆರಿಸುವ ಹೆಂಗಸರ ಮುಕಾದಮ. ಹುಟ್ಟಿದ್ದು ಕೊಡೇಕಲ್ ಸೀಮೆಯ ಒಂದು ಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಈ ಓಣಿಗೆ. ದಸರೆ ಕಳೆದ ಮೇಲಿನಿಂದ ಯುಗಾದಿಯ ಆಚೀಚಿನವರೆಗೆ ವಡಗೇರಾ, ಶಿರವಾಳ, ಸುರಪುರದ ಕಡೆಯ ಹೊಲಗಳ ಹತ್ತಿ ಟ್ರ್ಯಾಕ್ಟರುಗಳಲ್ಲಿ ತುಂಬಿಕೊಂಡು ಸುರಪುರ ರಸ್ತೆಯ, ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಬರುತ್ತದೆ. ಯಂತ್ರದ ಬಾಯಿಗೆ ಹೋಗುವ ಮೊದಲು ಅದರೊಳಗಿನ ಒಣ ಎಲೆ, ಹಳದಿಗೆ ತಿರುಗಿದ ಎಸಳು, ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ, ಕೋಳಿಪುಕ್ಕ, ತಲೆಗೂದಲು, ಗುಟಕಾ ಚೀಟಿ ಎಲ್ಲವನ್ನೂ ಕೈಯಿಂದಲೇ ಹೆಕ್ಕಿ ತೆಗೆಯಬೇಕು. ನಾವು ತೊಡುವ ಬಿಳಿ ಅಂಗಿಯಲ್ಲಿ ಕೋಳಿಪುಕ್ಕದ ಎಳೆ ಕಾಣಿಸುವುದಿಲ್ಲವೆಂದರೆ ಅದಕ್ಕೆ ಇಂಥ ಕೈಗಳು ಕಾರಣ. ಗುಂಪಿನಲ್ಲಿ ಇಪ್ಪತ್ತರಷ್ಟು ಹೆಂಗಸರಿದ್ದಾರೆ. ಅವರನ್ನು ಜಾವದಲ್ಲಿ ಮನೆಮನೆಯಿಂದ ಕರೆದು, ಹೊತ್ತಿಗೆ ಸರಿಯಾಗಿ ಗೇಟು ದಾಟಿಸಿ, ಅವರ ಪರವಾಗಿ ಮಿಲ್ಲಿನವರೊಡನೆ ಮಾತಾಡುವುದು ಮುಕಾದಮಳ ಕೆಲಸ. ತಿಮ್ಮವ್ವ ಇದನ್ನು ಅತ್ತೆಯಿಂದ ಪಡೆದದ್ದು. ಈಗ ಅವರ ಕೂದಲು ಅರಳೆಯ ಬಣ್ಣಕ್ಕೆ ಬಂದಿದೆ.

ಈ ಕೆಲಸಕ್ಕೆ ಒಂದು ಕಟ್ಟಳೆಯಿದೆ. ‘ನಾಳೆಯಿಂದ ಬರಬೇಡ’ ಎಂದು ಹೇಳಿ ಇಲ್ಲಿ ಯಾರನ್ನೂ ಬಿಡಿಸುವುದಿಲ್ಲ. ಮುಕಾದಮ ಬಾಗಿಲಿಗೆ ಬಂದು ಕರೆದರೆ ಕೆಲಸ ಉಂಟು, ಕರೆಯದೆ ಮುಂದೆ ನಡೆದರೆ ಇಲ್ಲ. ಕರೆಸಿಕೊಳ್ಳದವರು ಏಕೆಂದು ಕೇಳುವುದಿಲ್ಲ, ಕರೆಯದೆ ಮಿಲ್ಲಿಗೆ ಹೋಗುವುದೂ ಇಲ್ಲ. ಕಟ್ಟಿಟ್ಟ ರೊಟ್ಟಿಯ ಡಬ್ಬಿಯನ್ನು ಸುಮ್ಮನೆ ಒಳಗೆ ಒಯ್ದಿಡುತ್ತಾರೆ. ಮುಕಾದಮಳ ಕಾಲಿನ ಸದ್ದನ್ನು ಓಣಿಯೆಲ್ಲ ಕಿವಿಗೊಟ್ಟು ಕೇಳುವುದು ಇದಕ್ಕೇ.

ನಿನ್ನೆ ಸಂಜೆ ಮಿಲ್ಲಿನ ಲೆಕ್ಕ ನೋಡುವ ಮುನೀಮ ಜಗದೇವಪ್ಪ ತಿಮ್ಮವ್ವನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ್ದಾರೆ. ಮಾಲೀಕರು ಯಾದಗಿರಿಯಲ್ಲಿರುವುದರಿಂದ ಮಿಲ್ಲಿನಲ್ಲಿ ಜಗದೇವಪ್ಪನದೇ ದರಬಾರು. ಹೆಂಗಸರು ಅವರನ್ನೇ ‘ಸಾವ್ಕಾರ್ರ’ ಎನ್ನುತ್ತಾರೆ, ಅವರೂ ಅದನ್ನು ತಿದ್ದಲು ಹೋಗಿಲ್ಲ. ಭಾಗ್ಯ ಎಂಬ ಹುಡುಗಿಯ ಬಾಗಿಲಿಗೆ ಇನ್ನು ಹೋಗುವುದು ಬೇಡ, ಹೋದರೆ ಗುಂಪಿಗೆ ಬೇರೆ ಮುಕಾದಮಳನ್ನು ನೋಡಬೇಕಾಗುತ್ತದೆ ಎಂಬುದು ಅವರ ಮಾತಿನ ಸಾರ.

ಅದನ್ನು ಕೇಳಿ ತಿಮ್ಮವ್ವನಿಗೆ ಸಂಕಟವಾಯಿತೆಂದು ಬರೆದಿದ್ದರೆ ಓದಲು ಚೆನ್ನಾಗಿರುತ್ತಿತ್ತು. ಆಗಲಿಲ್ಲ.

“ಖರೇ ಹೇಳ್ತೀನ್ರಿ, ಎದಿ ಮ್ಯಾಲಿಂದು ಒಂದು ಕಲ್ಲು ಇಳದಂಗ ಆತು. ಆ ಹುಡುಗಿ ಬಂದಾಗಿಂದ ನನಗ ಸರಿಯಾಗಿ ನಿದ್ದಿಲ್ಲ.”

ಭಾಗ್ಯಳ ಮನೆ ಓಣಿಯ ತಿರುವಿನಲ್ಲಿದೆ. ಹೊಸ್ತಿಲಿನ ಮೇಲೆ ದೀಪ ಉರಿಯುತ್ತಿದೆ, ಗೋಡೆಯ ಮೇಲಿನ ಬುದ್ಧನ ಪಟ ಅರ್ಧ ಕಾಣುತ್ತಿದೆ. ಇಪ್ಪತ್ಮೂರರ ಹುಡುಗಿ ಜಡೆ ಹಾಕಿ, ಧೂಳಿಗೆಂದು ದುಪಟ್ಟಾವನ್ನು ಕೊರಳಿಗೆ ಸುತ್ತಿಕೊಂಡು, ಡಬ್ಬಿ ಹಿಡಿದು ನಿಂತಿದ್ದಾಳೆ. ತಿಮ್ಮವ್ವ ತಮ್ಮ ಚಪ್ಪಲಿಯ ತುದಿಯನ್ನು ನೋಡುತ್ತ ಮುಂದೆ ನಡೆಯುತ್ತಾರೆ. ಹಿಂದೆ ಬರುತ್ತಿದ್ದ ಹೆಂಗಸರು ಹೆಜ್ಜೆ ತಡೆದು, ಮತ್ತೆ ಸಾಲು ಹಿಡಿಯುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಭಾಗ್ಯಳೂ ಕೇಳುವುದಿಲ್ಲ.

ಈ ಹುಡುಗಿ ಕೇಳದೆ ಬಿಟ್ಟ ಸಂಗತಿ ಇದುವರೆಗೆ ಇರಲೇ ಇಲ್ಲ. ತಿಮ್ಮವ್ವನ ಹೊಟ್ಟೆಯ ಉರಿ ಹತ್ತಿದ್ದೇ ಅಲ್ಲಿಂದ.

ಭಾಗ್ಯ ಶಹಾಪುರದ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು. ಸರಕಾರಿ ನೌಕರಿಯ ಪರೀಕ್ಷೆಗೆ ಓದಿಕೊಳ್ಳುತ್ತ ಸುಗ್ಗಿಯ ತಿಂಗಳುಗಳಲ್ಲಿ ಮಿಲ್ಲಿಗೆ ಬರುತ್ತಾಳೆ. ಅದಕ್ಕೆ ಮೊದಲು ಯಾದಗಿರಿಯ ಒಂದು ಮೊಬೈಲ್ ಅಂಗಡಿಯಲ್ಲಿದ್ದಳು. ದಿನವಿಡೀ ನಿಂತೇ ಇರಬೇಕಾಗಿತ್ತು, ಕೂರಲು ಒಂದು ಸ್ಟೂಲು ಕೊಡಿ ಎಂದು ಕೇಳಿದಳು, ಕೊಡಲಿಲ್ಲ, ಬಿಟ್ಟು ಬಂದಳು. ಮೊದಲ ದಿನ ಹತ್ತಿಯ ರಾಶಿಯ ಮುಂದೆ ಕೂತು ಇದನ್ನು ಅವಳು ಹೇಳಿದ ರೀತಿ ತಿಮ್ಮವ್ವನಿಗೆ ಇವತ್ತಿಗೂ ಮರೆತಿಲ್ಲ. ಬಸ್ಸು ತಪ್ಪಿತು, ಇನ್ನೊಂದು ಹಿಡಿದೆ ಅನ್ನುವ ಹಾಗೆ ಹೇಳಿದಳಂತೆ.

“‘ಕೇಳ್ದೆ, ಕೊಡ್ಲಿಲ್ಲ, ಬಿಟ್ಟೆ’ ಅಂತಾಳ. ಮೂರೇ ಮಾತು! ನನಗ ಆ ಮೊದಲ್ನೇದು ಮಾತೇ ಬರಂಗಿಲ್ಲರಿ. ಗಂಡ ಸತ್ತಾಗ ಮಣ್ಣು ಮುಗಿಸಿ ಮರುದಿನ ಬಂದು ಹತ್ತಿ ಮುಂದ ಕುಂತೀನಿ. ನಾಳಿ ಬರಂಗಿಲ್ಲ ಅಂತ ಅನ್ನಬಹುದು ಅನ್ನೋದೇ ಗೊತ್ತಿದ್ದಿಲ್ಲ. ಈಕಿ ನಗಕೋತ ಅಂತಾಳ, ‘ದೊಡ್ಡವ್ವ, ನಾಳಿ ನನಗ ಪರೀಕ್ಷಾ ಅದ, ಬರಂಗಿಲ್ಲ’ ಅಂತ. ಮತ್ತ ಮರುದಿನ ನಗಕೋತೇ ಬರ್ತಾಳ.”

ಆಮೇಲೆ ಬಂದದ್ದು ಫೋನಿನ ಗುಂಪು. ಮೊದಲೆಲ್ಲ ರಾತ್ರಿ ಹತ್ತಿಯ ಟ್ರ್ಯಾಕ್ಟರು ಬಂತೋ ಇಲ್ಲವೋ ತಿಳಿಯದೆ ಹೆಂಗಸರು ರೊಟ್ಟಿ ಬಡಿದು, ಮಕ್ಕಳನ್ನು ನೆರೆಮನೆಗೆ ಬಿಟ್ಟು, ಮಿಲ್ಲಿನ ತನಕ ನಡೆದು, ಲೋಡು ಇಲ್ಲವೆಂದು ವಾಪಸು ಬರುವುದಿತ್ತು. ಭಾಗ್ಯ ಬಂದ ಮೇಲೆ ಮಿಲ್ಲಿನ ಕಾವಲುಗಾರ ಅತೀಕನಿಗೆ ಸಂಜೆ ಒಂದು ಫೋನು ಮಾಡಿ ಕೇಳಿಕೊಂಡು, ಎಲ್ಲರ ಮನೆಯ ಫೋನಿಗೂ ತನ್ನ ದನಿಯಲ್ಲೇ ಸುದ್ದಿ ಕಳಿಸುತ್ತಾಳೆ. ಓದಲು ಬಾರದವರಿಗೆ ತೊಂದರೆಯಾಗದಿರಲೆಂದು ಬರೆದು ಕಳಿಸುವುದಿಲ್ಲ. ಕುಬ್ರಾಬೇಗಂಗೆ ಕಣ್ಣು ಸಾಲದೆಂದು ಅವರ ಫೋನಿನ ತೆರೆಯ ಮೇಲಿನ ಗುರುತುಗಳನ್ನು ದೊಡ್ಡದು ಮಾಡಿಕೊಟ್ಟವಳೂ ಅವಳೇ. ಈಗ ತಿಮ್ಮವ್ವ ಬರುವ ಹೊತ್ತಿಗೆ ಬಾಗಿಲುಗಳು ತೆರೆದಿರುತ್ತವೆ, ಹೆಂಗಸರು ತಲೆ ಬಾಚಿಕೊಂಡು ನಿಂತಿರುತ್ತಾರೆ. ಬಳೆ ತಾಗಿಸುವುದು, ಕಲ್ಲು ಎಸೆಯುವುದು ಯಾವುದೂ ಬೇಕಿಲ್ಲ. ಆದರೂ ತಿಮ್ಮವ್ವ ತಾಗಿಸುತ್ತಾರೆ, ಎಸೆಯುತ್ತಾರೆ. ಯಂಕಮ್ಮ ಬಾಗಿಲಲ್ಲೇ ನಿಂತು, ಕಲ್ಲು ತಗಡಿಗೆ ಬಿದ್ದ ಮೇಲೆಯೇ ಹೊಸ್ತಿಲು ದಾಟುತ್ತಾರೆ. ಅದು ಯಂಕಮ್ಮನ ಸಣ್ಣ ಉಪಕಾರ.

ಕುಬ್ರಾಬೇಗಂ ಅಂಗಳದಲ್ಲಿ ಇವತ್ತೂ ನಮಾಜು ಮುಗಿಯುವ ತನಕ ಕಾದದ್ದಾಯಿತು. ಆಕೆ ಹೊರಬಂದವರೇ ಹೆಂಗಸರ ಸಾಲನ್ನು ಒಮ್ಮೆ ನೋಡಿ, ಒಂದು ತಲೆ ಕಡಿಮೆಯಾದದ್ದನ್ನು ಕಂಡು, ಫೋನು ತೆಗೆದು ನಿನ್ನೆ ಸಂಜೆಯ ಸುದ್ದಿಯನ್ನು ಹಚ್ಚುತ್ತಾರೆ. ತಿಮ್ಮವ್ವನ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು. ಆ ಗುಂಪಿನ ಮಾತನ್ನು ಅವರು ಈವರೆಗೆ ಕೇಳಿದ್ದೇ ಇಲ್ಲ.

“ತಿಮ್ಮದೊಡ್ಡವ್ವ ಹೇಳ್ಯಾಳ,” ಎಂದು ಭಾಗ್ಯಳ ದನಿ ಶುರುವಾಗುತ್ತದೆ. “ನಾಳಿ ವಡಗೇರಾದ ಲೋಡು ಅದ, ಧೂಳು ಬಾಳ ಇರ್ತದ, ಎಲ್ಲಾರೂ ಮಾರಿಗಿ ಕಟಗೊಳ್ಳಾಕ ಅರಿವಿ ತರ್ರಿ. ತಿಮ್ಮದೊಡ್ಡವ್ವ ಬಾಗಿಲಿಗಿ ಬರ್ತಾಳ.”

ತಿಮ್ಮವ್ವ ಅಂಥದ್ದೇನೂ ಹೇಳಿರಲಿಲ್ಲ. ದಿನವೂ ಹೀಗೆಯೇ ಕಳಿಸುತ್ತಾಳೆ, ಪ್ರತಿ ಮಾತನ್ನೂ ನಿನ್ನ ಹೆಸರಿನಿಂದಲೇ ಶುರು ಮಾಡುತ್ತಾಳೆ ಎಂದರು ಕುಬ್ರಾಬೇಗಂ. ಇದನ್ನು ಕೇಳಿ ತಿಮ್ಮವ್ವನ ಕಣ್ಣು ತುಂಬಿತೇ ಎಂದು ಕೇಳಿದರೆ ಅವರು ತಲೆ ಕೊಡವುತ್ತಾರೆ.

“ಇನ್ನಷ್ಟು ಉರೀತ್ರಿ. ಫೋನಿನಾಗ ಅಕೀನೇ ಮುಂದ, ಮಾತಿನಾಗ ಅಕೀನೇ ಮುಂದ. ದೊಡ್ಡ ಮನಸಿನಾಗರ ನಾ ಮುಂದ ಇದ್ದೀನಿ ಅಂತ ತಿಳ್ಕೊಂಡಿದ್ದೆ. ಅದರಾಗೂ ಅಕೀನೇ ಮುಂದ ಹೋದ್ಲು. ನನಗ ಏನ ಉಳೀತ್ರಿ?”

ಕಳೆದ ತಿಂಗಳವರೆಗೆ ಒಂದು ಉಳಿದಿತ್ತು. ಕೀಲಿಕೈ.

ಮಿಲ್ಲಿನ ಹಿಂಬದಿಗೆ ಹೆಂಗಸರಿಗೆಂದು ಒಂದು ಪಾಯಖಾನೆಯಿದೆ. ಅದಕ್ಕೆ ಬೀಗ. ಕೀಲಿ ಮುನೀಮರ ಮೇಜಿನ ಹಿಂದಿನ ಮೊಳೆಯಲ್ಲಿ. ಮೇಜಿನ ಸುತ್ತ ಯಾವಾಗಲೂ ಡ್ರೈವರುಗಳು, ಹಮಾಲರು, ಹತ್ತಿ ತಂದ ರೈತರು. ಕೀಲಿ ಕೇಳುವುದೆಂದರೆ ತಾನು ಎಲ್ಲಿಗೆ ಹೊರಟಿದ್ದೇನೆಂದು ಅಷ್ಟೂ ಗಂಡಸರಿಗೆ ಸಾರಿದಂತೆ. ಅದಕ್ಕೆ ಹೆಂಗಸರು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ತಿಮ್ಮವ್ವ ಮುಕಾದಮಳಾದ ಹೊಸತರಲ್ಲಿ ಇದಕ್ಕೊಂದು ದಾರಿ ಹುಡುಕಿದ್ದರು. ನಡುಮಧ್ಯಾಹ್ನ ಊಟಕ್ಕೆ ಬಿಟ್ಟಾಗ ತಾವೊಬ್ಬರೇ ಹೋಗಿ, ತಲೆ ತಗ್ಗಿಸಿ, ಕೀಲಿ ಕೇಳಿ ತರುವುದು. ಹೆಂಗಸರೆಲ್ಲ ಅವರ ಹಿಂದೆ ಸಾಲಾಗಿ ಹೋಗಿ ಬರುವುದು. ಕೀಲಿಯನ್ನು ಮರಳಿ ಮುನೀಮರ ಕೈಗೇ ಒಪ್ಪಿಸುವುದು. ಎಲ್ಲರ ನಾಚಿಕೆಯನ್ನೂ ತಾವೊಬ್ಬರೇ ಹೊತ್ತು ತಂದ ಆ ಗಳಿಗೆ ತಿಮ್ಮವ್ವನಿಗೆ ದಿನದ ದೊಡ್ಡ ಗಳಿಗೆಯಾಗಿತ್ತು. ಹಿಂದೆ ಇಪ್ಪತ್ತು ಜನ ನಡೆದು ಬರುವ ಕಾಲಸಪ್ಪಳ ತಮ್ಮ ಸಂಪಾದನೆ ಎಂದುಕೊಂಡಿದ್ದರು.

ಕಳೆದ ತಿಂಗಳು ಹತ್ತಿ ಕೊಳ್ಳುವ ಹೊರಗಿನ ಕಂಪನಿಯ ಇಬ್ಬರು, ಕೊರಳಿಗೆ ಕಾರ್ಡು ಹಾಕಿಕೊಂಡವರು, ಮಿಲ್ಲು ನೋಡಲು ಬಂದರು. ಹೆಂಗಸರ ಹತ್ತಿರ ಕೂತು, ಏನಾದರೂ ತೊಂದರೆ ಇದೆಯೇ ಎಂದು ವಿಚಾರಿಸಿದರು. ಇಂಥವರು ಬಂದಾಗ ಏನು ಹೇಳಬೇಕೆಂದು ತಿಮ್ಮವ್ವ ಎಲ್ಲರಿಗೂ ಮೊದಲೇ ಹೇಳಿಕೊಟ್ಟಿರುತ್ತಾರೆ. ಏನೂ ತಕಲೀಪಿಲ್ಲ, ಎಲ್ಲ ಬರೋಬ್ಬರಿ ಅದ. ಒಬ್ಬೊಬ್ಬರೂ ಹಾಗೆಯೇ ಹೇಳುತ್ತ ಬಂದರು. ಭಾಗ್ಯಳ ಸರದಿ ಬಂದಾಗ ಅವಳು ಕೈಯೊಳಗಿನ ಹತ್ತಿಯನ್ನು ಕೆಳಗಿಟ್ಟು ಹೇಳಿದಳು.

“ನಮಗ ನೀರು ಕುಡೀಲಾಕ ಅಂಜಿಕಿ ಆಗ್ತದರಿ. ಯಾಕಂದ್ರ ಕೀಲಿ ಗಂಡಸರ ನಡುವ ಅದ. ಅದನ್ನ ನಮ್ಮ ಕಡಿ ಒಂದು ಮೊಳಿಗಿ ಹಾಕಿದ್ರ ಸಾಕ್ರಿ.”

ಅಷ್ಟೇ. ದನಿ ಏರಲಿಲ್ಲ, ತಲೆ ತಗ್ಗಲಿಲ್ಲ. ಮುಂದಿನ ವಾರವೇ ಕೀಲಿ ಹೆಂಗಸರ ಕಡೆಯ ಕಂಬಕ್ಕೆ ಬಂತು. ಪಾಯಖಾನೆಯ ಒಳಗಡೆ ಹೊಸ ಚಿಲಕವೂ ಬಂತು. ಕುಬ್ರಾಬೇಗಂ ಆ ದಿನ ಒಂದು ತಂಬಿಗೆ ನೀರನ್ನು ಕುಡಿದಿಟ್ಟು, ನೀರಿಗೂ ಒಂದು ರುಚಿ ಇರುತ್ತದೆಂದು ಇವತ್ತು ಗೊತ್ತಾಯಿತೆಂದು ಎಲ್ಲರನ್ನೂ ನಗಿಸಿದರು. ತಿಮ್ಮವ್ವ ಮಾತ್ರ ಆ ದಿನ ಹನಿ ನೀರು ಮುಟ್ಟಲಿಲ್ಲ. ಮಧ್ಯಾಹ್ನ ಅಭ್ಯಾಸಬಲದಿಂದ ಎದ್ದು ನಿಂತರು, ಹಿಂದೆ ಯಾರೂ ಏಳಲಿಲ್ಲ. ಬೇಕಾದವರು ಬೇಕಾದಾಗ ಹೋಗಿ ಬಂದಿದ್ದರು. ಸೆರಗು ಸರಿಮಾಡಿಕೊಳ್ಳಲೆಂದೇ ಎದ್ದವರಂತೆ ಮತ್ತೆ ಕೂತರು.

“ನಾ ಇಷ್ಟು ವರ್ಷ ತಲಿ ತಗ್ಗಿಸಿ ಬೇಡಿದ್ದನ್ನ ಅಕಿ ಒಂದು ಮಾತಿನಾಗ ತಂದ್ಲು. ಅಂದ್ರ ಇಷ್ಟು ವರ್ಷ ಅದು ಅಷ್ಟು ಸಸಾರ ಇತ್ತೇನು? ಅದನ್ನ ನೆನಸಿದ್ರ ಹೊಟ್ಟಿ ಉರೀತದರಿ. ಅಕಿ ಮ್ಯಾಲೋ, ನನ್ನ ಮ್ಯಾಲೋ, ತಿಳೀವಲ್ದು.”

ಹೊರಗಿನವರ ಮುಂದೆ ಬಾಯಿ ಬಿಟ್ಟದ್ದು ಮಿಲ್ಲಿನವರಿಗೆ ಹಿಡಿಸಲಿಲ್ಲ. ಜಗದೇವಪ್ಪ ಒಂದಷ್ಟು ದಿನ ತಡೆದು, ನಿನ್ನೆ ಆ ಮಾತು ಹೇಳಿದರು. ಇಷ್ಟು ಹಿನ್ನೆಲೆಯಾದ ಮೇಲೆ, ಇವತ್ತು ಜಾವದಲ್ಲಿ ತಿಮ್ಮವ್ವ ಆ ಬಾಗಿಲನ್ನು ದಾಟಿ ನಡೆದದ್ದು ಅರ್ಥವಾಗದ ಸಂಗತಿಯೇನಲ್ಲ.

ಮಿಲ್ಲಿನ ತಗಡಿನ ಚಪ್ಪರದ ಕೆಳಗೆ ಹತ್ತಿಯ ರಾಶಿ ಆಳೆತ್ತರ ಬಿದ್ದಿದೆ. ಹೆಂಗಸರು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕೂರುತ್ತಾರೆ. ಕೈಗಳು ರಾಶಿಯೊಳಗೆ ಹೋಗಿ, ಬೆರಳು ಬಿಡಿಸಿ, ಹೊರಬರುತ್ತವೆ. ಭಾಗ್ಯ ಕೂರುವ ಜಾಗ ಖಾಲಿ ಇದೆ, ಯಾರೂ ಅಲ್ಲಿಗೆ ಸರಿದು ಕೂತಿಲ್ಲ. ಕಂಬದ ಮೊಳೆಯೂ ಖಾಲಿ. ಕೀಲಿ ಮತ್ತೆ ಮುನೀಮರ ಹಿಂದಿನ ಮೊಳೆಗೆ ಹೋಗಿದೆ. ನೀರಿನ ಕೊಡದ ಮೇಲಿನ ತಟ್ಟೆಯನ್ನು ಬೆಳಗಿನಿಂದ ಯಾರೂ ಎತ್ತಿಲ್ಲ. ಬಾಣಂತನ ಮುಗಿಸಿ ಬಂದ ಸೊಸೆ ಎರಡು ಸಲ ಕೊಡದ ಕಡೆ ನೋಡಿದ್ದಾಳೆ. ಮಗುವಿಗೆ ಹಾಲೂಡಿಸುವ ಮೈ, ಅದಕ್ಕೆ ನೀರು ಬೇಕು. ಕುಬ್ರಾಬೇಗಂ ತಮ್ಮ ಬುತ್ತಿಯೊಳಗಿನ ಎರಡು ಬಾರಿಹಣ್ಣನ್ನು ಅವಳ ಮಡಿಲಿಗೆ ಹಾಕುತ್ತಾರೆ, ಅಷ್ಟಾದರೂ ಬಾಯಿ ಹಸಿಯಾಗಲಿ ಎಂದು.

ಊಟಕ್ಕೆ ಬಿಟ್ಟಾಗ ಎಲ್ಲರೂ ತಿಮ್ಮವ್ವನ ಮುಖ ನೋಡುತ್ತಾರೆ. ಅವರು ಏಳುತ್ತಾರೆ. ಹಿಂದೆ ಸಾಲು ಏಳುತ್ತದೆ. ಅಂಗಳ ದಾಟುವಾಗ ಇಪ್ಪತ್ತು ಜನರ ಕಾಲಸಪ್ಪಳ ಬೆನ್ನ ಹಿಂದೆ ಮತ್ತೆ ಕೇಳಿಸುತ್ತದೆ. ಆ ಸದ್ದು ತಮಗೆ ಹಿತವಾಗಿಯೇ ಇತ್ತೆಂದು ತಿಮ್ಮವ್ವ ಒಪ್ಪಿಕೊಳ್ಳುತ್ತಾರೆ. ಮೇಜಿನ ಬಳಿ ಬಂದು, ತಲೆ ತಗ್ಗಿಸಿ, ಕೀಲಿ ಕೇಳುತ್ತಾರೆ. ಜಗದೇವಪ್ಪ ತೂಕದ ಚೀಟಿಯಿಂದ ಕಣ್ಣೆತ್ತದೆ ಕೀಲಿ ನೀಡಿ, “ಈಗ ನೋಡು ತಿಮ್ಮವ್ವ, ಮೊದಲಿನಂಗ ಚಂದ ಆತು,” ಎನ್ನುತ್ತಾರೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಟ್ರ್ಯಾಕ್ಟರ್ ಡ್ರೈವರು ಕಿಸಕ್ಕನೆ ನಗುತ್ತಾನೆ.

ಹಿಂದೆಯೂ ಯಾರಾದರೂ ಹೀಗೆ ನಕ್ಕಿರಬಹುದು. ಆಗೆಲ್ಲ ತಿಮ್ಮವ್ವನಿಗೆ ಕೇಳಿಸಿರಲಿಲ್ಲ. ಇವತ್ತು ಕೇಳಿಸಿತು.

ಎಲ್ಲರೂ ಹೋಗಿ ಬಂದ ಮೇಲೆ ಕೀಲಿಯನ್ನು ಮರಳಿಸಬೇಕಾದ ಜಾಗದಲ್ಲಿ ನಿಂತು ತಿಮ್ಮವ್ವ ಅದನ್ನು ಸೆರಗಿನ ತುದಿಗೆ ಕಟ್ಟಿ ಗಂಟು ಹಾಕುತ್ತಾರೆ. ಜಗದೇವಪ್ಪ ಕೈ ಚಾಚುತ್ತಾರೆ. ಕೈ ಹಾಗೆಯೇ ಉಳಿಯುತ್ತದೆ.

“ಕೀಲಿ?”

“ನನ್ನ ಹಂತ್ಯಾಕ ಇರ್ತದರಿ, ಸಾವ್ಕಾರ್ರ.”

“ಯಾರ್ನ ಕೇಳಿ ಇಟಗೊಂಡಿ?”

“ಯಾರ್ನೂ ಕೇಳಿಲ್ರಿ. ಇಷ್ಟು ವರ್ಷ ಕೇಳೇ ಒಯ್ದೀನಿ. ಮತ್ತ ನಾಳಿ ನಾ ಆ ಹುಡುಗಿ ಬಾಗಿಲಿಗಿ ಹೋಗ್ತೀನ್ರಿ. ಬ್ಯಾರೆ ಮುಕಾದಮ ಬೇಕಾದ್ರ ಇವತ್ತೇ ನೋಡ್ಕೋರಿ.”

ಮಾತು ಮೆಲ್ಲಗೇ ಇತ್ತು. ಅಲ್ಲಿಗೇ ಮುಚ್ಚಿಯೂ ಹೋಗುತ್ತಿತ್ತೇನೋ. ಆದರೆ ಕಿವಿ ಮಂದವಾದ ಯಂಕಮ್ಮ ಏನೂ ಕೇಳಿಸದೆ, ಏನಂತ ಎಂದು ಗಟ್ಟಿಯಾಗಿ ವಿಚಾರಿಸಿದರು. ಅವರಿಗೆ ಹೇಳುವುದೆಂದರೆ ಊರಿಗೇ ಹೇಳಿದಂತೆ. ಕುಬ್ರಾಬೇಗಂ ಯಂಕಮ್ಮನ ಕಿವಿಗೆ ಬಾಯಿಟ್ಟು ಕೂಗಿದರು. ಭಾಗ್ಯಳನ್ನು ತೆಗೆ ಅಂದಿದ್ದರಂತೆ, ತಿಮ್ಮಕ್ಕ ಆಗೋದಿಲ್ಲ ಅಂದಳು! ಅಂಗಳದ ಹಮಾಲರು ಮೂಟೆ ಇಳಿಸುವುದನ್ನು ನಿಲ್ಲಿಸಿ ನೋಡಿದರು. ಯಂಕಮ್ಮ ಸುದ್ದಿಯನ್ನು ಒಂದು ಗಳಿಗೆ ಅರಗಿಸಿಕೊಂಡು, ಇನ್ನೂ ಗಟ್ಟಿಯಾಗಿ ಹೇಳಿದರು. “ಹಂಗಾದ್ರ ವಡಗೇರಾದ ಹತ್ತಿ ಸಾವ್ಕಾರ್ರೇ ಆರಸ್ತಾರೇನು?”

ನಕ್ಕವರಲ್ಲಿ ಆ ಡ್ರೈವರೂ ಇದ್ದ. ಜಗದೇವಪ್ಪ ಚಾಚಿದ ಕೈಯನ್ನು ತೂಕದ ಚೀಟಿಯ ಮೇಲೆ ಇಳಿಸಿದರು. ಹೋಗಿ ಕೆಲಸ ನೋಡಿರಿ ಎಂದರು. ಸಂಜೆ ಬಿಡುವಾಗಲೂ ಏನೂ ಹೇಳಲಿಲ್ಲ. ನಾಳೆ ಗೇಟಿನಲ್ಲಿ ಏನಾಗುವುದೋ ಯಾರಿಗೂ ತಿಳಿಯದು. ಆ ಸಂಜೆ ಗುಂಪಿನ ಫೋನುಗಳಿಗೆ ಯಾವ ಸುದ್ದಿಯೂ ಬರಲಿಲ್ಲ.

ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದರೆ ತಿಮ್ಮವ್ವ ಆ ಪದವನ್ನೇ ಪಕ್ಕಕ್ಕೆ ತಳ್ಳುತ್ತಾರೆ.

“ಧೈರ್ಯ ಅಲ್ರಿ, ಹೊಟ್ಟಿಕಿಚ್ಚು. ನಿನ್ನಿ ಮೊ‌ನ್ನಿ ಬಂದ ಕೂಸು ಮಾತಾಡ್ತದ, ನನಗೇನು ಬಾಯಿಲ್ಲೇನು ಅನ್ನಿಸ್ತು. ಅಕಿ ಇರಲಿಲ್ಲಾಂದ್ರ ನಾ ಕೀಲಿ ಕೊಟ್ಟು ಬರ್ತಿದ್ದೆ. ಅಕಿ ನೋಡ್ಲಿ ಅಂತ ಮಾಡ್ದೆ ಅಂದ್ರ, ಅಕಿ ಅಲ್ಲಿ ಇದ್ದೇ ಇದ್ದಿಲ್ಲ. ಎಂಥಾ ಹುಚ್ಚು ನೋಡ್ರಿ.”

ಹೊಸ ತಲೆಮಾರು ಕೆಲಸದ ಜಾಗಕ್ಕೆ ಏನನ್ನು ತರುತ್ತದೆ ಎಂದು ಕೇಳಿದರೆ ತಿಳಿದವರು ಕಂಪ್ಯೂಟರು, ಫೋನು, ವೇಗ ಎಂದು ಪಟ್ಟಿ ಕೊಡುತ್ತಾರೆ. ಈ ಮಿಲ್ಲಿನಲ್ಲಿ ಅದು ತಂದದ್ದು ಕೇಳುವ ಬಾಯಿ. ಆ ಬಾಯಿ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದು ಪಾಠದಿಂದಲೇ ಆಗಬೇಕೆಂದಿಲ್ಲ. ನೆರೆಮನೆಯ ಒಗ್ಗರಣೆಯ ಘಾಟಿಗೆ ನಮ್ಮ ಮನೆಯಲ್ಲೂ ಸೀನು ಬರುವಂತೆ, ಹೊಟ್ಟೆಕಿಚ್ಚಿನಿಂದಲೂ ಅಂಟಬಹುದು.

ಮರುದಿನ ಜಾವ ತಿಮ್ಮವ್ವ ದಿನದ ಕ್ರಮ ತಪ್ಪಿಸಿ ಮೊದಲು ತಿರುವಿನ ಮನೆಗೇ ಹೋಗುತ್ತಾರೆ. ಬಾಗಿಲು ಮುಚ್ಚಿದೆ. ಒಳಗೆ ದೀಪವೂ ಇಲ್ಲ. ಈ ಮನೆಯವಳನ್ನು ಹೇಗೆ ಕರೆಯಬೇಕೆಂದು ತಿಮ್ಮವ್ವನಿಗೆ ಗೊತ್ತಿಲ್ಲ, ಅವಳು ಯಾವಾಗಲೂ ಮೊದಲೇ ಎದ್ದು ನಿಂತಿರುತ್ತಿದ್ದಳು. ಕಡೆಗೆ ಹೆಸರು ಹಿಡಿದೇ ಕರೆಯುತ್ತಾರೆ. ಎರಡನೆಯ ಕೂಗಿಗೆ ಕದ ತೆರೆಯುತ್ತದೆ. ಭಾಗ್ಯಳ ಕೂದಲು ಕೆದರಿದೆ, ಕಣ್ಣು ಊದಿದೆ.

“ನಿನ್ನಿ ಯಾಕ ಕರೀಲಿಲ್ಲ, ದೊಡ್ಡವ್ವ?”

“ಮುನೀಮ ಬ್ಯಾಡ ಅಂದಿದ್ದ. ನನಗೂ ಬ್ಯಾಡಾಗಿತ್ತು.”

ಭಾಗ್ಯ ಕದವನ್ನು ಪೂರ್ತಿ ತೆರೆಯುತ್ತಾಳೆ. “ಇವತ್ತ?”

“ಇವತ್ತೂ ಹೊಟ್ಟಿಕಿಚ್ಚು ಅದ. ಅದಕ್ಕ ನೀ ಏನ ಮಾಡ್ತಿ? ಜಡಿ ಹಾಕ್ಕೊ, ಅಷ್ಟರಾಗ ಯಂಕಮ್ಮನ ಮನಿ ಮುಗಿಸಿ ಬರ್ತೀನಿ.”

ಆಗ ತಿಮ್ಮವ್ವನೂ ಒಂದು ಪ್ರಶ್ನೆ ಕೇಳುತ್ತಾರೆ. ನೀನು ಕಂಪನಿಯವರನ್ನು ಕೇಳಿದೆ, ಮೊಬೈಲ್ ಅಂಗಡಿಯವನನ್ನು ಕೇಳಿದೆ, ನಿನ್ನೆ ನಾನು ಮುಂದೆ ಹೋಗುವಾಗ ನನ್ನನ್ನು ಏಕೆ ಕೇಳಲಿಲ್ಲ? ಭಾಗ್ಯ ಜಡೆಗೆ ಕೈಹಾಕಿದವಳು ನೆಲ ನೋಡುತ್ತಾಳೆ. ನಿನ್ನ ಮುಂದೆ ಬಾಯಿ ಬರಲಿಲ್ಲ ಎಂದು ಮೆಲ್ಲಗೆ ಹೇಳಿ ಒಳಗೆ ಹೋಗುತ್ತಾಳೆ.

ಗೇಟಿನಲ್ಲಿ ಅತೀಕ ಹೆಂಗಸರ ಸಾಲನ್ನು ನೋಡಿ, ಭಾಗ್ಯಳನ್ನು ನೋಡಿ, ಮೇಜಿನ ಕಡೆ ನೋಡುತ್ತಾನೆ. ರಾತ್ರಿ ಬಂದ ಇನ್ನೆರಡು ಟ್ರ್ಯಾಕ್ಟರುಗಳ ಹತ್ತಿ ಅಂಗಳದಲ್ಲಿ ಬಿದ್ದಿದೆ. ಜಗದೇವಪ್ಪ ಸಾಲಿನ ಕೊನೆಯ ತನಕ ಕಣ್ಣಾಡಿಸುತ್ತಾರೆ. ತಿಮ್ಮವ್ವನ ಸೆರಗಿನ ಗಂಟನ್ನೂ ನೋಡುತ್ತಾರೆ. ಆಮೇಲೆ ಹೊತ್ತಾಯಿತು, ಒಳಗೆ ನಡೆಯಿರಿ ಎಂದು ಬೇರೆ ಕಡೆ ತಿರುಗುತ್ತಾರೆ. ಹೆಂಗಸರು ಒಳಗೆ ಹೋಗಿ ಕೂರುತ್ತಾರೆ. ಖಾಲಿ ಉಳಿದಿದ್ದ ಜಾಗದಲ್ಲಿ ಭಾಗ್ಯ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ರಾಶಿಯೊಳಗೆ ಕೈ ಇಡುತ್ತಾಳೆ. ಬಾಣಂತಿ ಸೊಸೆ ಕೊಡದ ಮೇಲಿನ ತಟ್ಟೆ ಎತ್ತುತ್ತಾಳೆ.

ತಿಮ್ಮವ್ವ ಕೀಲಿಯನ್ನು ಕಂಬದ ಮೊಳೆಗೆ ನೇತುಹಾಕಿ ಬಂದು ತಮ್ಮ ಜಾಗದಲ್ಲಿ ಕೂರುತ್ತಾರೆ. ಉರಿ ಆರಿದೆಯೇ ಎಂದರೆ ಇಲ್ಲ ಎನ್ನುತ್ತಾರೆ. ಈ ಹುಡುಗಿ ನಾಳೆ ಪರೀಕ್ಷೆ ಪಾಸಾಗಿ ಕುರ್ಚಿಯ ಮೇಲೆ ಕೂತರೆ ಇನ್ನೂ ಉರಿಯುವುದಂತೆ, ಆದರೂ ಪಾಸಾಗಲಿ ಅಂತೆ. ಒಂದು ಹಳದಿ ಎಸಳನ್ನು ಹೆಕ್ಕಿ ಪಕ್ಕಕ್ಕೆಸೆದು, ಭಾಗ್ಯಳಿಗೆ ಕೇಳದಂತೆ ನನ್ನ ಕಡೆ ಬಾಗಿ, ಬಟ್ಟೆಯ ಹಿಂದಿನಿಂದ ಹೇಳುತ್ತಾರೆ.

“ಕಂಪನ್ಯಾರ ಮುಂದ ಬಾಯಿ ಬಂತು, ಮೊಬೈಲ್ ಅಂಗಡಿಯವನ ಮುಂದ ಬಂತು. ನನ್ನ ಮುಂದ ಬರಲಿಲ್ಲ ನೋಡ್ರಿ ಅಕಿಗಿ. ಇದೊಂದು ಬರಕೋರಿ.”